ಬಟ್ಟೆ ತೊಟ್ಟೇ ಈಜು ಕಲಿಯುವ ಊರು

ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣ

ನನ್ನನ್ನು ಕರೆದೊಯ್ಯಲು ಬಂದಿದ್ದ ಮಾರ್ಯೋಲೈನ್ ಮೊದಲು ಕೈ ಕುಲುಕಿದರು. ಆಮೇಲೆ ನಾನು ನಿಂತಿದ್ದ ನೆಲವನ್ನು ತೋರಿಸಿ, "ನೀವೀಗ ಸಮುದ್ರಕ್ಕಿಂತ ಕೆಳಗೆ ನಿಂತಿದ್ದೀರಿ" ಎಂದರು. ಹಿಂದೆ ಇದೊಂದು ದೊಡ್ಡ ಸರೋವರವಾಗಿತ್ತಂತೆ. ನೀರನ್ನೆಲ್ಲ ಎತ್ತಿ ಆಚೆ ಚೆಲ್ಲಿ, ಅದರ ತಳದಲ್ಲಿ ಈಗ ವಿಮಾನ ಇಳಿಸುತ್ತಾರೆ.

ನಾನು ನೆಲ ನೋಡಿದೆ. ಒಣಗಿತ್ತು.

"ಪಂಪು ನಿಂತರೆ?" ಎಂದು ಕೇಳಿದೆ. ಹೊಸ ದೇಶದಲ್ಲಿ ನಾನಾಡಿದ ಮೊದಲ ಮಾತು ಅದು.

"ನಿಲ್ಲುವುದಿಲ್ಲ" ಎಂದು ಅವರು ನನ್ನ ಚೀಲ ಎತ್ತಿಕೊಂಡರು.

ನಮ್ಮ ಕಡೆ ಪಂಪು ಎಂದರೆ ಕರೆಂಟು ಬಂದೊಡನೆ ಓಡಿಹೋಗಿ ಹಾಕುವುದು, ಮೇಲಿನ ಟ್ಯಾಂಕಿಗೆ ನೀರು ಬೀಳುವ ಸದ್ದಿಗೆ ಕಿವಿಗೊಟ್ಟು ಕೂರುವುದು. ನಾವು ನೀರನ್ನು ಒಳಗೆ ತರಲು ಪಂಪು ಹಾಕುತ್ತೇವೆ. ಇವರು ಹೊರಗೆ ಕಳಿಸಲು. ಡೆಲ್ಫ್ಟ್‌ಗೆ ಹೋಗುವ ರೈಲಿನಲ್ಲಿ ಕಿಟಕಿಯಾಚೆ ಹೊಲಗಳಿಗಿಂತ ಎತ್ತರದಲ್ಲಿ ಒಂದು ಕಾಲುವೆ, ಅದರಲ್ಲೊಂದು ದೋಣಿ ಕಾಣಿಸಿತು. ದನಗಳ ತಲೆಯ ಮೇಲೆ ದೋಣಿ ಹೋಗುತ್ತಿತ್ತು. ದನಗಳು ಮೇಯುತ್ತಲೇ ಇದ್ದವು.

ಮಾರ್ಯೋಲೈನ್ ಡೆಲ್ಫ್ಟ್‌ನ ಒಂದು ಶಾಲೆಯಲ್ಲಿ ನಾಲ್ಕೈದು ವರ್ಷದ ಮಕ್ಕಳ ಟೀಚರು. ನಾನು ಭದ್ರಾವತಿಯ ಒಂದು ನರ್ಸರಿಯ ಟೀಚರು. ಶಿಕ್ಷಕರ ವಿನಿಮಯದ ಒಂದು ಏರ್ಪಾಡಿನಲ್ಲಿ ಮೂರು ವಾರ ಅವರ ಮನೆಯಲ್ಲಿದ್ದು, ಅವರ ತರಗತಿಯಲ್ಲಿ ಕೂತು, ಎಳೆಯ ಮಕ್ಕಳಿಗೆ ನೀರಿನ ಪಾಠವನ್ನು ಆಟದಲ್ಲಿ ಹೇಗೆ ಕಲಿಸುತ್ತಾರೆಂದು ನೋಡುವುದು ನನ್ನ ಕೆಲಸ. ಮೇ ತಿಂಗಳು, ನಮಗೆ ರಜೆ, ಅವರಿಗೆ ಶಾಲೆ. ಅರ್ಜಿಯಲ್ಲಿ ನಾನು ಬರೆದದ್ದು ಇಷ್ಟೇ. ಬರೆಯದೆ ಬಿಟ್ಟದ್ದೊಂದು ಇತ್ತು. ಅದನ್ನು ಮೊದಲು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಹೊರಡುವ ಮೊದಲು, ಓಲ್ಡ್ ಟೌನ್

ನನ್ನ ಮನೆ ಶಿವಮೊಗ್ಗದಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಭದ್ರಾವತಿಗೆ ಹೋಗುತ್ತೇನೆ. ನರ್ಸರಿ ಇರುವುದು ಓಲ್ಡ್ ಟೌನಿನ ಒಂದು ಓಣಿಯಲ್ಲಿ. ಅಂಗಳದಲ್ಲಿ ಒಂದು ನೀಲಿ ತೊಟ್ಟಿ. ಗುಜರಿ ಅಂಗಡಿಯಿಂದ ಪ್ಲಾಸ್ಟಿಕ್ ಡ್ರಮ್ಮು ತಂದು ಉದ್ದಕ್ಕೆ ಸೀಳಿಸಿ, ಅಂಚು ಉಜ್ಜಿಸಿ, ಅಡ್ಡ ಮಲಗಿಸಿ ಮಾಡಿದ್ದು. ಅದರಲ್ಲಿ ಮಕ್ಕಳು ಸುರಿದು, ಸೋಸಿ, ಅಳೆದು ಆಡುತ್ತಿದ್ದರು. ಅವರಿಗೆ ಎಲ್ಲಕ್ಕಿಂತ ಇಷ್ಟವಾದ ಆಟ 'ತೇಲುತ್ತೋ ಮುಳುಗುತ್ತೋ'. ಸಿಪ್ಪೆ ಇರುವ ಕಿತ್ತಳೆ ತೇಲುತ್ತದೆ, ಸುಲಿದ ಕಿತ್ತಳೆ ಮುಳುಗುತ್ತದೆ. ಇದನ್ನು ಮೊದಲ ಸಲ ನೋಡಿದ ಮಗುವಿನ ಮುಖವನ್ನು ನೋಡಲೆಂದೇ ನಾನು ಎಂ.ಎಸ್ಸಿ. ಮುಗಿಸಿದ ಮೇಲೆ ಕಾಲೇಜಿಗೆ ಹೋಗದೆ ನರ್ಸರಿಗೆ ಬಂದೆನೇನೋ.

ನನ್ನದು ಒಂದೇ ನಿಯಮ. ಉತ್ತರ ಹೇಳಬಾರದು. ಮಗು ಏನು ಕೇಳಿದರೂ "ಮಾಡಿ ನೋಡೋಣ" ಅನ್ನಬೇಕು. ಇದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಪೂರ್ವಿಗೆ ನಾಲ್ಕೂವರೆ ವರ್ಷ. ಅವಳ ತಾಯಿ ಲತಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ನನ್ನ ಚೂಡಿದಾರಗಳನ್ನೂ ಅವರೇ ಹೊಲಿಯುವುದು. ಪೂರ್ವಿ ದಿನಾ ಅಮ್ಮನ ಡಬ್ಬಿಯಿಂದ ಒಂದು ಗುಂಡಿ ತಂದು ತೊಟ್ಟಿಗೆ ಹಾಕಿ, "ಇವತ್ತಿಂದೂ ಮುಳುಗ್ತು" ಎಂದು ವರದಿ ಕೊಡುತ್ತಿದ್ದಳು. ಫೆಬ್ರವರಿಯ ಒಂದು ದಿನ, ಮನೆಗೆ ಬಿಡುವ ಹೊತ್ತಿನಲ್ಲಿ, ನಾನು ಬೇರೊಂದು ಮಗುವಿನ ಶೂ ಕಟ್ಟುತ್ತಿದ್ದಾಗ ಬಂದು ನನ್ನ ದುಪಟ್ಟ ಎಳೆದಳು.

"ಮಿಸ್, ನಾನು ತೇಲ್ತೀನಾ, ಮುಳುಗ್ತೀನಾ?"

ನಾನು ತಲೆ ಎತ್ತಲಿಲ್ಲ. "ಮಾಡಿ ನೋಡೋಣ ಪೂರ್ವಿ" ಎಂದೆ.

ಓಣಿಯ ಕೊನೆಯಲ್ಲಿ ಭದ್ರಾ ನಾಲೆ. ಊರಿನವರ ಬಾಯಲ್ಲಿ ಅದು ಚಾನಲ್. ಬೇಸಿಗೆ ಬೆಳೆಗೆಂದು ನೀರು ಬಿಟ್ಟಿದ್ದರು. ಲತಾ ಬಟ್ಟೆ ಕತ್ತರಿಸುತ್ತಿದ್ದ ಹೊತ್ತಿನಲ್ಲಿ ಪೂರ್ವಿ ಒಬ್ಬಳೇ ಹೋಗಿ, ಬಟ್ಟೆ ಒಗೆಯುವ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು, ಕೊನೆಯ ಮೆಟ್ಟಿಲಿನಿಂದ ನೀರಿಗೆ ಕೂತಳು. ಬಿದ್ದದ್ದಲ್ಲ, ಕೂತದ್ದು. ಸ್ವಲ್ಪ ಕೆಳಗೆ ಬಟ್ಟೆ ಒಗೆಯುತ್ತಿದ್ದ ಸೆಲ್ವಿ ಅಕ್ಕ ನೋಡುವಷ್ಟರಲ್ಲಿ ಅವಳ ಫ್ರಾಕು ಗಾಳಿ ತುಂಬಿಕೊಂಡು ಹೂವಿನ ಹಾಗೆ ಅರಳಿ ತೇಲುತ್ತಿತ್ತು. ಫ್ರಾಕಿನ ಗಾಳಿ ಇದ್ದಷ್ಟು ಹೊತ್ತು ಮಾತ್ರ. ಸೆಲ್ವಿ ಅಕ್ಕ ಕೈಯಲ್ಲಿದ್ದ ಒದ್ದೆ ಸೀರೆಯ ಒಂದು ತುದಿಯನ್ನು ಪಕ್ಕದವಳಿಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಹಾರಿದರು.

ಮಗು ಕೆಮ್ಮಿತು, ಅತ್ತಿತು, ಸಂಜೆಗೆ ಆಸ್ಪತ್ರೆಯಿಂದ ಮನೆಗೂ ಬಂತು. ಮರುದಿನ ನಾನು ಪೂರ್ವಿಯ ಮನೆಗೆ ಹೋದಾಗ ಸೆಲ್ವಿ ಅಕ್ಕ ಅಲ್ಲೇ ಇದ್ದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ತಮಿಳು ಬೆರೆತ ಕನ್ನಡದಲ್ಲಿ "ಎನ್ನ ಟೀಚರಮ್ಮ, ಅಷ್ಟು ಓದಿದ್ದೀರ. ನಿಮಗೆ ಈಜು ಬರತ್ತಾ?" ಎಂದು ಕೇಳಿದರು.

ಬರುವುದಿಲ್ಲ ಎಂದೆ.

ಪೂರ್ವಿ ಚಾಪೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ನನ್ನನ್ನು ನೋಡಿದ್ದೇ, "ಮಿಸ್, ಫ್ರಾಕ್ ತೇಲ್ತು, ನಾನು ಮುಳುಗ್ದೆ" ಎಂದಳು. ವರದಿ ಕೊಡುವ ದನಿಯಲ್ಲೇ.

ಲತಾ ಬೈಯಲಿಲ್ಲ. ನನ್ನನ್ನು ಬಾಗಿಲ ತನಕ ಕಳಿಸಲು ಬಂದು, ಮೆಲ್ಲಗೆ ಹೇಳಿದರು. "ಮೇಡಂ, ನೀರು ಅಂದ್ರೆ ಇವಳಿಗೆ ಹೆದರಿಕೆ ಇತ್ತು. ನೀವು ಅದನ್ನ ತೆಗೆದ್ರಿ. ಅದರ ಜಾಗಕ್ಕೆ ಏನೂ ಇಡಲಿಲ್ಲ."

ಅಂದಿನಿಂದ ಪೂರ್ವಿ ಶಾಲೆಗೆ ಬರಲಿಲ್ಲ. ಅವಳಿಗೇನೂ ಹೆದರಿಕೆ ಹುಟ್ಟಿರಲಿಲ್ಲ. ತೊಂದರೆ ಅದೇ. ಲತಾ ಹಗಲಿಡೀ ಬಾಗಿಲಿಗೆ ಮೇಲಿನ ಚಿಲಕ ಹಾಕಿ, ಮಗುವನ್ನು ಮಿಷನ್ನಿನ ಪಕ್ಕದಲ್ಲೇ ಕೂರಿಸಿಕೊಂಡು ಹೊಲಿಯತೊಡಗಿದರು. ನಾನು ನೀಲಿ ತೊಟ್ಟಿಯನ್ನು ಬೋರಲು ಹಾಕಿದೆ. ಪೂರ್ವಿ ನನ್ನನ್ನು ಏನು ಕೇಳಿದ್ದಳು, ನಾನೇನು ಹೇಳಿದೆ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅದರ ಜಾಗಕ್ಕೆ ಏನಿಡಬೇಕಿತ್ತು ಎಂಬ ಪ್ರಶ್ನೆಯನ್ನು ಚೀಲದಲ್ಲಿಟ್ಟುಕೊಂಡು ವಿಮಾನ ಹತ್ತಿದೆ.

ಡೆಲ್ಫ್ಟ್, ಶಾಲೆಯ ಅಂಗಳ

ಇಲ್ಲಿ ಬೆಳಿಗ್ಗೆ ಟೀಚರು ಬಾಗಿಲಲ್ಲಿ ನಿಂತು ಪ್ರತಿ ಮಗುವಿಗೂ ಕೈ ಕೊಡುತ್ತಾರೆ. ನಾಲ್ಕು ವರ್ಷದವರು ಗಂಭೀರವಾಗಿ ಕಣ್ಣಲ್ಲಿ ಕಣ್ಣಿಟ್ಟು ಕೈ ಕುಲುಕಿ ಒಳಗೆ ಹೋಗುತ್ತಾರೆ, ಬ್ಯಾಂಕಿನ ಮ್ಯಾನೇಜರುಗಳ ಹಾಗೆ. ನಾನೂ ಪಕ್ಕದಲ್ಲಿ ನಿಂತೆ. ಮೊದಲ ಮಗುವಿಗೆ ಅಭ್ಯಾಸಬಲದಿಂದ ಕೆನ್ನೆ ಸವರಿ ನೆಟಿಕೆ ಮುರಿಯಲು ಹೋದೆ. ಆ ಮಗು ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಕೈ ಚಾಚಿ ಕಾಯುತ್ತ ನಿಂತಿತು. ನಾನು ಕೈ ಕುಲುಕಿದೆ.

ಅಂಗಳದಲ್ಲಿ ಮರಳಿನ ದಿಬ್ಬ, ಅದರ ತುದಿಯಲ್ಲಿ ಕೈಪಂಪು. ಒಬ್ಬರು ಪಂಪು ಹೊಡೆದರೆ ನೀರು ಮರಳಿನ ಮೇಲೆ ಹರಿದು ಕೆಳಗಿನ ಹಳ್ಳಕ್ಕೆ ಸೇರುತ್ತದೆ. ನಡುವೆ ಮಕ್ಕಳು ಅಣೆಕಟ್ಟು ಕಟ್ಟುತ್ತಾರೆ. ಮೇಲಿನವರು ನೀರು ತಡೆದರೆ ಕೆಳಗಿನವರು ಬಂದು ಸೊಂಟದ ಮೇಲೆ ಕೈಯಿಟ್ಟು ವಾದಿಸುತ್ತಾರೆ. ಭಾಷೆ ತಿಳಿಯದಿದ್ದರೂ ಜಗಳ ತಿಳಿಯಿತು. ನಾಲೆಯ ಕೊನೆಯ ಗದ್ದೆಯವರು ಮೇಲಿನ ಗದ್ದೆಯವರೊಡನೆ ಆಡುವ ಜಗಳವೇ.

ನನ್ನಿಂದ ಒಂದು ಕೆಲಸ ಆಗಲಿಲ್ಲ. ಹರಿಯುವ ನೀರನ್ನು ಸುಮ್ಮನೆ ನೋಡುವುದು. ಗೋಡೆಯ ಬಳಿ ಒಂದು ನಲ್ಲಿಯೂ ಇತ್ತು. ಮಕ್ಕಳು ಬಕೆಟ್ಟು ತುಂಬಿಸಿ ಅರ್ಧ ತಿರುಗಿಸಿಯೇ ಬಿಟ್ಟು ಹೋಗುತ್ತಿದ್ದರು. ನಾನು ಹೋಗಿ ನಿಲ್ಲಿಸುವೆ, ಅವರು ಬಂದು ಬಿಡುವರು. ಐದಾರು ಸಲವಾದ ಮೇಲೆ ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ನನ್ನೆದುರು ನಿಂತು ಏನೋ ಕೇಳಿದಳು. ಅವಳ ಹೆಸರು ಫ್ಲೋರ್, ಐದು ವರ್ಷ, ಮಾರ್ಯೋಲೈನ್ ಅವರ ಮೊಮ್ಮಗಳು.

ಮಾರ್ಯೋಲೈನ್ ನಗುತ್ತ ಅನುವಾದಿಸಿದರು. "ನಿಮಗೆ ನೀರು ಕಂಡರೆ ಆಗೋದಿಲ್ವಾ ಅಂತ ಕೇಳ್ತಿದ್ದಾಳೆ."

"ನಮ್ಮಲ್ಲಿ ದಿನ ಬಿಟ್ಟು ದಿನ ಬರುತ್ತದೆ ಎಂದು ಹೇಳಿ."

ಫ್ಲೋರ್ ಇದನ್ನು ಕೇಳಿ ಸ್ವಲ್ಪ ಯೋಚಿಸಿದಳು. ಆಮೇಲೆ ಇನ್ನೊಂದು ಪ್ರಶ್ನೆ. "ಉಳಿದ ದಿನ ಅದು ಎಲ್ಲಿಗೆ ಹೋಗತ್ತೆ?"

ಮಾರ್ಯೋಲೈನ್ ನನ್ನ ಮುಖ ನೋಡಿದರು. ನಾನು ಹೋಗಿ ಮತ್ತೊಮ್ಮೆ ನಲ್ಲಿ ನಿಲ್ಲಿಸಿದೆ.

ಒದ್ದೆಯಾದ ಮಕ್ಕಳನ್ನು ಇಲ್ಲಿ ಯಾರೂ ಗದರುವುದಿಲ್ಲ. ನೀರು ಚೆಲ್ಲಿದವರೇ ಬಟ್ಟೆ ತಂದು ಒರೆಸುತ್ತಾರೆ, ಹೊರಗೆ ಮಳೆ ಹನಿಯುತ್ತಿದ್ದರೂ ರಬ್ಬರ್ ಬೂಟು ಹಾಕಿಕೊಂಡು ಹೊರಡುತ್ತಾರೆ. ಶೀತ ಆಗುತ್ತದೆ ಎಂಬ ಮಾತನ್ನು ಮೂರು ವಾರದಲ್ಲಿ ಹೇಳಿದವಳು ನಾನೊಬ್ಬಳೇ. ಕೊನೆಗೆ ಶೀತವಾದದ್ದೂ ನನಗೊಬ್ಬಳಿಗೇ.

ಮಧ್ಯಾಹ್ನದ ಊಟ

ಊಟ ಎಂದರೆ ಬ್ರೆಡ್ಡು, ಅದರ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಚಾಕೊಲೇಟಿನ ಚೂರು. ಇದನ್ನು ದೊಡ್ಡವರೂ ತಿನ್ನುತ್ತಾರೆ. ಅನ್ನ ಸಾರು ಬಿಟ್ಟು ಬಂದವಳು ಇದರ ಬಗ್ಗೆ ಹೆಚ್ಚು ಬರೆದರೆ ದೂರಿನ ಹಾಗೆ ಕೇಳಿಸುತ್ತದೆ, ಬಿಡುತ್ತೇನೆ.

ಮೂರನೆಯ ದಿನ ಊಟದ ನಡುವೆ ಬಾಯಾರಿ, ಮೇಜಿನ ಮೇಲಿದ್ದ ಬಾಟಲಿ ಎತ್ತಿ ಮೇಲಿನಿಂದ ಬಾಯಿಗೆ ಹೊಯ್ದುಕೊಂಡೆ. ತುಟಿಗೆ ತಾಗಿಸದೆ, ನಾವೆಲ್ಲ ಕುಡಿಯುವ ಹಾಗೆಯೇ. ಕೆಳಗಿಟ್ಟು ನೋಡಿದರೆ ಇಡೀ ತರಗತಿ ತಿನ್ನುವುದು ನಿಲ್ಲಿಸಿತ್ತು.

ಒಬ್ಬ ಹುಡುಗ ಮೆಲ್ಲಗೆ ತನ್ನ ಬಾಟಲಿ ಎತ್ತಿದ. ನೀರು ಮೂಗಿಗೆ ಹೋಯಿತು. ಎರಡನೆಯವಳು ಕಣ್ಣಿಗೆ ಹೊಯ್ದುಕೊಂಡಳು. ಎರಡು ನಿಮಿಷದಲ್ಲಿ ಇಪ್ಪತ್ತು ಮಕ್ಕಳ ಅಂಗಿ ಒದ್ದೆ, ಬ್ರೆಡ್ಡೆಲ್ಲ ಒದ್ದೆ. ನಾನು ಕ್ಷಮೆ ಕೇಳುತ್ತ ಎದ್ದು ನಿಂತೆ. ಮಾರ್ಯೋಲೈನ್ ನನ್ನನ್ನು ಕೈಹಿಡಿದು ಕೂರಿಸಿದರು.

"ನಾಳೆ ಪಾಠ ನಿಮ್ಮದು" ಎಂದರು.

ಮರುದಿನ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತು ಎತ್ತಿ ಕುಡಿಯುವುದನ್ನು ಕಲಿತರು. ಬಾಟಲಿ ಹೆಚ್ಚು ಬಾಗಿಸಿದರೆ ನೀರಿನ ದಾರ ದಪ್ಪವಾಗುತ್ತದೆ, ಕಡಿಮೆ ಬಾಗಿಸಿದರೆ ಹನಿಯಾಗಿ ಒಡೆಯುತ್ತದೆ, ಎತ್ತರಕ್ಕೆ ಎತ್ತಿದಷ್ಟೂ ದಾರ ಸಣ್ಣಗಾಗುತ್ತದೆ. ಹುಟ್ಟಿದಂದಿನಿಂದ ಮಾಡುತ್ತಿದ್ದ ಈ ಕೆಲಸದಲ್ಲಿ ಇಷ್ಟೊಂದು ಪಾಠ ಇದೆ ಎಂದು ನನಗೇ ಗೊತ್ತಿರಲಿಲ್ಲ. ಕಲಿತಾದ ಮೇಲೆ ನಮ್ಮೂರಿನ ಬಗ್ಗೆ ಕೇಳಿದರು. ಶಿವಮೊಗ್ಗದ ಹತ್ತಿರ ಸಕ್ರೆಬೈಲು ಎಂಬಲ್ಲಿ ಬೆಳಿಗ್ಗೆ ಆನೆಗಳು ಹೊಳೆಗಿಳಿದು ಸ್ನಾನ ಮಾಡುತ್ತವೆ ಎಂದೆ.

ಫ್ಲೋರ್ ತಕ್ಷಣ ಕೇಳಿದಳು. "ಆನೆ ತೇಲತ್ತಾ, ಮುಳುಗತ್ತಾ?"

"ಮಾಡಿ ನೋಡೋಣ" ಎಂಬುದು ಬಾಯಿಗೆ ಬಂದಿತ್ತು, ಆದರೆ ಹೊರಗೆ ಬರಲಿಲ್ಲ. "ಮೈಯೆಲ್ಲ ನೀರಲ್ಲಿರುತ್ತೆ. ಸೊಂಡಿಲು ಮಾತ್ರ ಮೇಲಿರುತ್ತೆ" ಎಂದೆ. ಇಷ್ಟು ವರ್ಷದಲ್ಲಿ ಒಂದು ಮಗುವಿಗೆ ನಾನು ನೇರವಾಗಿ ಕೊಟ್ಟ ಮೊದಲ ಉತ್ತರ ಅದೇ ಇರಬೇಕು.

ಬುಧವಾರ, ಈಜುಕೊಳ

ಬುಧವಾರ ಇಲ್ಲಿ ಅರ್ಧ ದಿನ ಶಾಲೆ. ಮಧ್ಯಾಹ್ನ ಫ್ಲೋರ್‌ಗೆ ಈಜಿನ ತರಗತಿ. ಅಜ್ಜಿಯ ಜೊತೆ ನಾನೂ ಹೋದೆ.

ಬಾಗಿಲು ತೆಗೆದಾಗ ಏನೋ ಅನಾಹುತವಾಗಿದೆ ಎಂದುಕೊಂಡೆ. ಹತ್ತು ಹನ್ನೆರಡು ಮಕ್ಕಳು ಪ್ಯಾಂಟು, ಅಂಗಿ, ಕಾಲಲ್ಲಿ ಶೂ ಸಮೇತ ಕೊಳದಲ್ಲಿದ್ದರು. ದಡದ ಮೇಲೆ ಉದ್ದನೆಯ ಕೋಲು ಹಿಡಿದು ಹೆಂಕ್ ಎಂಬ ಬಿಳಿಗೂದಲಿನ ಮೇಷ್ಟ್ರು ನಿಧಾನವಾಗಿ ನಡೆಯುತ್ತಿದ್ದರು. ಕೋಲು ಹೊಡೆಯಲು ಅಲ್ಲ, ಯಾರಿಗಾದರೂ ದಣಿವಾದರೆ ಹಿಡಿದುಕೊಳ್ಳಲು. ಅದು ಯಾವಾಗಲೂ ಮಕ್ಕಳಿಂದ ಒಂದು ಮೊಳ ದೂರದಲ್ಲೇ ಇತ್ತು, ಮುಟ್ಟಲಿಲ್ಲ, ದೂರವೂ ಹೋಗಲಿಲ್ಲ. ನನಗೆ ಸೆಲ್ವಿ ಅಕ್ಕನ ಸೀರೆ ನೆನಪಾಯಿತು.

"ಬಟ್ಟೆ ಯಾಕೆ?" ಎಂದು ಕೇಳಿದೆ.

ಹೆಂಕ್ ಇಂಗ್ಲಿಷನ್ನು ಎಣಿಸಿ ಎಣಿಸಿ ಆಡುವವರು. "ಬಟ್ಟೆ ಬಿಚ್ಚಿಟ್ಟು ಯಾರೂ ಕಾಲುವೆಗೆ ಬೀಳುವುದಿಲ್ಲ" ಎಂದರು.

ಈ ಊರಿನ ಕಾಲುವೆಗಳಿಗೆ ಬೇಲಿ ಇಲ್ಲ. ಮನೆ, ರಸ್ತೆ, ಕಾಲುವೆ, ಅಷ್ಟೇ. ಹಾಗಾಗಿ ಇಲ್ಲಿ ಮಕ್ಕಳಿಗೆ ಈಜುವುದಕ್ಕಿಂತ ಮೊದಲು ಬೀಳುವುದನ್ನು ಹೇಳಿಕೊಡುತ್ತಾರೆ. ಉರುಳಿ ನೀರಿಗೆ ಬೀಳು, ಕೆಳಗೆ ಹೋಗು, ಮೇಲೆ ಬಾ, ಅಂಗಾತ ಮಲಗು, ಉಸಿರಾಡು. ಇದಿಷ್ಟು ಬಂದ ಮೇಲೆ ಉಳಿದದ್ದು.

ನಾನು ಬಹಳ ಹೊತ್ತು ಬೆಂಚಿನ ಮೇಲೆ ಕೂತಿದ್ದೆ. ಮಕ್ಕಳೆಲ್ಲ ಬಟ್ಟೆ ಬದಲಿಸಲು ಹೋದ ಮೇಲೆ ಹೆಂಕ್ ಹತ್ತಿರ ಹೋಗಿ ಕೇಳಿದೆ. "ಒಂದು ಮಗು ಬಂದು, ನಾನು ತೇಲ್ತೀನಾ ಮುಳುಗ್ತೀನಾ ಅಂತ ಕೇಳಿದರೆ ಏನು ಹೇಳುತ್ತೀರಿ?"

"ಎರಡೂ ಅಂತ ಹೇಳುತ್ತೇನೆ. ಮೊದಲು ಮುಳುಗುತ್ತೀಯ. ಆಮೇಲೆ ತೇಲುತ್ತೀಯ. ನಡುವೆ ಏನು ಮಾಡಬೇಕು ಅನ್ನುವುದನ್ನು ಕಲಿಸುತ್ತೇನೆ."

"ಮಾಡಿ ನೋಡು ಅನ್ನುವುದಿಲ್ಲವೇ?"

"ಅನ್ನುತ್ತೇನೆ" ಎಂದು ಅವರು ಕೋಲನ್ನು ಗೋಡೆಗೆ ಒರಗಿಸಿದರು. "ನಾನು ಪಕ್ಕದಲ್ಲಿದ್ದಾಗ."

ಹೆಂಕ್ ನನ್ನನ್ನೊಮ್ಮೆ ನೋಡಿ, "ನಿಮಗೆ ಈಜು ಬರುತ್ತದೆಯೇ?" ಎಂದರು. ಎರಡು ಖಂಡಗಳಲ್ಲಿ, ಒಂದೇ ಪ್ರಶ್ನೆ.

ಶನಿವಾರ, ಅದೇ ಕೊಳ

ದೊಡ್ಡವರ ತರಗತಿ ಶನಿವಾರ ಬೆಳಿಗ್ಗೆ. ಬಟ್ಟೆ ತೊಟ್ಟೇ ನೀರಿಗಿಳಿಯಬಹುದು ಎಂಬುದು ನನ್ನಂಥವಳಿಗೆ ದೊಡ್ಡ ಅನುಕೂಲ. ಈಜುಡುಗೆಯ ಮಾತೇ ಬರಲಿಲ್ಲ. ಲತಾ ಡಿಸೆಂಬರಿನಲ್ಲಿ ಹೊಲಿದುಕೊಟ್ಟಿದ್ದ ಬೂದು ಬಣ್ಣದ ಚೂಡಿದಾರ ಹಾಕಿಕೊಂಡು, ದುಪಟ್ಟ ಮಾತ್ರ ಮನೆಯಲ್ಲಿ ಬಿಟ್ಟು ಹೋದೆ.

ಮೆಟ್ಟಿಲಿಳಿದು ಎದೆಯ ಮಟ್ಟಕ್ಕೆ ಬಂದಾಗ ಟಾಪು ಗಾಳಿ ತುಂಬಿಕೊಂಡು ನನ್ನ ಸುತ್ತ ಅರಳಿತು. ನೋಡುತ್ತ ನಿಂತೆ. ಗಾಳಿ ಒಂದೊಂದೇ ಗುಳ್ಳೆಯಾಗಿ ಹೊರಟುಹೋಯಿತು, ಬಟ್ಟೆ ಮೈಗೆ ಅಂಟಿ ಭಾರವಾಯಿತು. ಪೂರ್ವಿಗೆ ಸಿಕ್ಕಿದ್ದು ಇಷ್ಟೇ ಹೊತ್ತು.

"ಕಿವಿ ನೀರಲ್ಲಿ. ಮೂಗು ಛಾವಣಿಗೆ" ಎಂದರು ಹೆಂಕ್.

ಕಿವಿ ಒದ್ದೆಯಾಗಬಾರದು ಎಂದು ಇಪ್ಪತ್ತೇಳು ವರ್ಷ ಹೇಳಿಸಿಕೊಂಡು ಬೆಳೆದವಳಿಗೆ ಇದು ಸುಲಭವಲ್ಲ. ಮೊದಲ ಶನಿವಾರ ಕಿವಿಯವರೆಗೂ ಹೋಗಲಿಲ್ಲ. ಎರಡನೆಯ ಶನಿವಾರ ನೀರು ಕುಡಿದೆ, ಬಹಳವೇ ಕುಡಿದೆ. ಅದು ಎತ್ತಿ ಕುಡಿದ ನೀರಲ್ಲ. ಮನೆಯಲ್ಲಿ ಒಣಹಾಕಿದ ಚೂಡಿದಾರ ಬಣ್ಣ ಬಿಟ್ಟು ಮಾರ್ಯೋಲೈನ್ ಅವರ ಬಿಳಿ ಟವೆಲು ಬೂದಾಯಿತು. ಅವರು ಅದನ್ನು ಬಿಡಿಸಿ ನೋಡಿ, "ಡೆಲ್ಫ್ಟ್‌ನ ಆಕಾಶದ ಬಣ್ಣ, ಇರಲಿ" ಎಂದರು.

ಮೂರನೆಯ ಶನಿವಾರ ಹೆಂಕ್ ಅವರ ಅಂಗೈ ನನ್ನ ಬೆನ್ನ ಕೆಳಗಿತ್ತು. ಯಾವಾಗ ತೆಗೆದರೋ ಗೊತ್ತಾಗಲಿಲ್ಲ. ಸದ್ದೆಲ್ಲ ದೂರ ಹೋಗಿ, ನನ್ನ ಉಸಿರು ಮಾತ್ರ ಕೇಳಿಸುತ್ತಿತ್ತು. ಛಾವಣಿಯಲ್ಲಿ ಏಳು ದೀಪಗಳಿದ್ದವು, ಒಂದು ಕೆಟ್ಟಿತ್ತು. ಸಕ್ರೆಬೈಲಿನಲ್ಲಿ ಮಾವುತ ಮೈ ಉಜ್ಜುವಾಗ ಪಕ್ಕಕ್ಕೆ ಮಲಗುವ ಆನೆ ನೆನಪಾಯಿತು. ನೀರಿನಲ್ಲಿರುವವರ ಮುಖ ಒದ್ದೆಯಾಗಿದ್ದರೆ ಯಾರೂ ಕಾರಣ ಕೇಳುವುದಿಲ್ಲ. ನನಗೆ ಅದೂ ಒಂದು ಅನುಕೂಲವೇ ಆಯಿತು.

ಅದೇ ದಿನ ಮಧ್ಯಾಹ್ನ ಫ್ಲೋರ್‌ಗೆ ಪರೀಕ್ಷೆ. ನೀರಿನ ಕೆಳಗೆ ಇಳಿಬಿಟ್ಟ ಪರದೆಯೊಂದರಲ್ಲಿ ತೂತು, ಅದರೊಳಗಿಂದ ತೂರಿ ಆಚೆ ಬರಬೇಕು. ದಡದಲ್ಲಿ ಅಪ್ಪ ಅಮ್ಮ ಅಜ್ಜಿಯರೆಲ್ಲ ಹೂವು ಹಿಡಿದು ನಿಂತಿದ್ದರು, ಮದುವೆಗೆ ಬಂದವರಂತೆ. ಫ್ಲೋರ್ ನೀರಿಗೆ ಬಿದ್ದಳು, ಕಾಣದಾದಳು, ಪರದೆಯ ಆಚೆ ಎದ್ದಳು. ನಾನು ಉಸಿರು ಬಿಟ್ಟೆ.

ಟವೆಲು ಸುತ್ತಿಕೊಂಡು ಕೂತಿದ್ದವಳನ್ನು ಅಜ್ಜಿಯ ಮೂಲಕ ಕೇಳಿದೆ. "ಹೆದರಿಕೆ ಆಗಲಿಲ್ವಾ?"

"ಆಯ್ತು" ಎಂದಳು ಅವಳು. ಚಾಕೊಲೇಟಿನ ಕಾಗದ ಬಿಚ್ಚುತ್ತ ಮುಂದುವರಿಸಿದಳು. "ಆದ್ರೆ ಏನು ಮಾಡ್ಬೇಕು ಅಂತ ಗೊತ್ತಿತ್ತು."

ಮತ್ತೆ ಓಲ್ಡ್ ಟೌನ್

ಜೂನಿನ ಮೊದಲ ವಾರ. ಚಾನಲ್ ಒಣಗಿತ್ತು. ತಳದ ಕೆಸರಿನಲ್ಲಿ ಒಂಟಿ ಚಪ್ಪಲಿಗಳು, ಒಡೆದ ಬಕೆಟ್ಟು. ಮಳೆ ಹಿಡಿದ ಮೇಲೆ ಮತ್ತೆ ನೀರು ಬಿಡುತ್ತಾರೆ.

ಲತಾ ಚಿಲಕ ತೆಗೆದು, "ಬನ್ನಿ ಮೇಡಂ, ಕಪ್ಪಗಾಗ್ತೀರ ಅಂದ್ಕೊಂಡಿದ್ರೆ ಬೆಳ್ಳಗಾಗಿ ಬಂದಿದೀರ" ಎಂದರು. ಒಳಗೆ ಬೆಲ್ಲ, ನೀರು ಬಂತು. ಪೂರ್ವಿ ಮಿಷನ್ನಿನ ಪಕ್ಕದಿಂದ ಎದ್ದು ಬಂದಳು. ಅವಳಿಗೆಂದು ತಂದಿದ್ದ ನೀಲಿ ಬಿಳಿ ಪಿಂಗಾಣಿಯ ಗುಂಡಿ ಕೊಟ್ಟೆ. ಅಂಗೈಯಲ್ಲಿ ತೂಗಿ ನೋಡಿದಳು.

"ಮುಳುಗತ್ತೆ" ಎಂದಳು, ನೀರಿಗೆ ಹಾಕದೆಯೇ.

ಲತಾ ಮಿಷನ್ನಿಗೆ ಕೂತರು. ಅವರು ಹೊಲಿಯುತ್ತಿರುವಾಗ ಮಾತಾಡುವುದು ಸುಲಭ, ಮುಖ ನೋಡಬೇಕಾಗುವುದಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಶೂ ಕಟ್ಟುತ್ತಿದ್ದದ್ದು, ಪೂರ್ವಿ ದುಪಟ್ಟ ಎಳೆದದ್ದು, ಅವಳ ಪ್ರಶ್ನೆ, ತಲೆ ಎತ್ತದೆ ನಾನು ಕೊಟ್ಟ ಉತ್ತರ. "ಅವಳು ಆಟಕ್ಕೆ ಹೋದದ್ದಲ್ಲ ಲತಾ. ನಾನು ಹೇಳಿದ ಕೆಲಸ ಮಾಡೋಕೆ ಹೋದಳು."

ಮಿಷನ್ನು ನಿಂತಿತು.

"ಗೊತ್ತು" ಎಂದರು ಲತಾ.

ನಾನು ತಲೆ ಎತ್ತಿದೆ.

"ಆಸ್ಪತ್ರೇಲೇ ಹೇಳಿದ್ಲು. ಮಿಸ್ ಮಾಡಿ ನೋಡೋಣ ಅಂದ್ರು ಅಂತ. ಮರುದಿನ ನೀವು ಬಂದ್ರಲ್ಲ, ಅವತ್ತೇ ಹೇಳ್ತೀರ ಅಂದ್ಕೊಂಡೆ. ಹೇಳ್ಲಿಲ್ಲ." ಅವರು ಸೂಜಿಯಿಂದ ದಾರ ಬಿಡಿಸುತ್ತಿದ್ದರು. "ನಾಲ್ಕು ತಿಂಗಳಿಂದ ಕಾಯ್ತಿದೀನಿ ಮೇಡಂ. ಫಾರಿನ್ನಿಗೆ ಹೋಗಿಬಂದು ಹೇಳ್ಬೇಕಾಯ್ತಾ?"

ಕ್ಷಮಿಸಿ ಎಂಬ ಮಾತು ಆ ಕೋಣೆಯಲ್ಲಿ ಬಹಳ ಚಿಕ್ಕದಾಗಿ ಕೇಳಿಸಿತು. ಲತಾ ಎದ್ದು ಬಂದರು. ನನ್ನ ತೋಳು ಹಿಡಿದು, ಬೂದು ಚೂಡಿದಾರದ ಕಂಕುಳ ಹೊಲಿಗೆ ನೋಡಿದರು.

"ಇದೇನು ಬಣ್ಣ ಬಿಟ್ಟಿದೆ? ಹೊಲಿಗೆನೂ ಎಳ್ಕೊಂಡಿದೆ."

"ಇದರಲ್ಲೇ ನೀರಿಗಿಳಿದೆ."

"ನೀವಾ?"

"ಮೂರು ಸಲ. ಈಜೋಕೆ ಇನ್ನೂ ಬರಲ್ಲ. ತೇಲೋದು ಮಾತ್ರ ಬರತ್ತೆ." ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟೆ. "ಅದರ ಜಾಗಕ್ಕೆ ಏನೂ ಇಡಲಿಲ್ಲ ಅಂದಿರಲ್ಲ. ಅದನ್ನ ಇಡೋಕೆ ಒಂದು ಅವಕಾಶ ಕೊಡಿ. ಶಿವಮೊಗ್ಗದಲ್ಲಿ ಈಜುಕೊಳ ಇದೆ, ಬಿದ್ದ ಬಟ್ಟೇಲೇ ಕಲಿಸೋಣ, ನೀವೂ ಜೊತೆಗೆ ಬನ್ನಿ. ಬೇಡ ಅನ್ನಿಸಿದ ಕ್ಷಣ ಎತ್ಕೊಂಡು ಬಂದುಬಿಡಿ."

ಲತಾ ಬಾಗಿಲ ಚಿಲಕದ ಕಡೆ ನೋಡಿದರು. ಮಗಳನ್ನು ನೋಡಿದರು. ಪೂರ್ವಿ ಕುಡಿಯುವ ಚೊಂಬಿಗೆ ಗುಂಡಿ ಹಾಕಿ, ಬಗ್ಗಿ ನೋಡುತ್ತ ನಿಂತಿದ್ದಳು.

"ಭಾನುವಾರ ಹೊಲಿಗೆ ಇರಲ್ಲ" ಎಂದರು.

ಶಿವಮೊಗ್ಗ, ಭಾನುವಾರ

ನಾನು ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದೆ. ತಾಯಿ ಮಗಳು ಭದ್ರಾವತಿ ಬಸ್ಸಿನಿಂದ ಇಳಿದರು. ಪೂರ್ವಿ ಅದೇ ಫ್ರಾಕು ಹಾಕಿಕೊಂಡಿದ್ದಳು. ಲತಾ ನನ್ನ ಕಣ್ಣು ಹೋದ ಕಡೆ ನೋಡಿ, "ನೀವೇ ಹೇಳಿದ್ರಲ್ಲ, ಬಿದ್ದ ಬಟ್ಟೇಲೇ ಅಂತ" ಎಂದರು.

ಈಜುಕೊಳದಲ್ಲಿ ಅದು ಹೆಂಗಸರ ಹೊತ್ತು. ಕುತ್ತಿಗೆಗೆ ಸೀಟಿ ಹಾಕಿಕೊಂಡಿದ್ದ ಕಾವಲಿನವಳು ಅಡ್ಡ ನಿಂತಳು.

"ಕಾಸ್ಟ್ಯೂಮ್ ಎಲ್ಲಿ?"

"ಇದೇ" ಎಂದೆ.

"ಇದು ಫ್ರಾಕ್ ಕಣ್ರೀ. ನೀವು ಹಾಕ್ಕೊಂಡಿರೋದು ಚೂಡಿದಾರ. ಆಯಮ್ಮ ಸೀರೆ. ಏನ್ ಮಾರಾಯ್ತಿ, ಮದುವೆ ಮನೆಗೆ ಬಂದ್ರಾ?"

ನಾನು ನೆದರ್‌ಲ್ಯಾಂಡಿನಿಂದ ಶುರುಮಾಡಿದೆ. ಪದ್ಧತಿ, ಕಾಲುವೆ, ಪರದೆಯ ತೂತು. ಅವಳು ಕೇಳಿಸಿಕೊಳ್ಳಲಿಲ್ಲ. ಲತಾ ನನ್ನ ಮಾತನ್ನು ನಡುವೆಯೇ ನಿಲ್ಲಿಸಿ ಹೇಳಿದರು. "ಇವಳು ಫೆಬ್ರವರೀಲಿ ಚಾನಲ್‌ಗೆ ಬಿದ್ಲಮ್ಮ. ಇದೇ ಫ್ರಾಕಲ್ಲಿ. ಇನ್ನೊಂದು ತಿಂಗಳಿಗೆ ಮತ್ತೆ ನೀರು ಬಿಡ್ತಾರೆ."

ಕಾವಲಿನವಳು ಪೂರ್ವಿಯನ್ನು ನೋಡಿದಳು.

"ಒಗೆದಿದ್ದು ತಾನೆ ಬಟ್ಟೆ?"

"ನಿನ್ನೆ ಒಗೆದಿದ್ದು."

"ಆ ಮೂಲೆಗೆ ಹೋಗಿ. ನಾನು ಪಕ್ಕದಲ್ಲೇ ಇರ್ತೀನಿ."

ಮೂಲೆಯಲ್ಲಿ ನೀರು ನನ್ನ ಸೊಂಟದವರೆಗೆ ಇತ್ತು. ಲತಾ ದಡದಲ್ಲಿ ಮಂಡಿಯೂರಿ ಕೂತು, ಮಗಳನ್ನು ನನ್ನ ಕೈಗೆ ಕೊಟ್ಟರು. ಕೊಟ್ಟ ಮೇಲೂ ಫ್ರಾಕಿನ ತುದಿ ಹಿಡಿದೇ ಇದ್ದರು. ಫ್ರಾಕು ಅರಳಿತು.

"ಪೂರ್ವಿ, ಅವತ್ತು ನೀನೊಂದು ಪ್ರಶ್ನೆ ಕೇಳಿದ್ದೆ."

"ಗೊತ್ತು ಮಿಸ್. ಫ್ರಾಕ್ ತೇಲತ್ತೆ. ನಾನು ಮುಳುಗ್ತೀನಿ."

"ಅದು ಅರ್ಧ ಉತ್ತರ. ಇನ್ನರ್ಧ ನಾನು ಅವತ್ತೇ ಹೇಳ್ಬೇಕಿತ್ತು. ನೀನು ಮೊದಲು ಮುಳುಗ್ತೀಯ, ಆಮೇಲೆ ತೇಲ್ತೀಯ. ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ ಮಾಡಿ ನೋಡ್ಬೇಕು. ಒಬ್ಬಳೇ ಅಲ್ಲ."

"ಆನೆ ಹಾಗಾ?" ಬಸ್‌ಸ್ಟ್ಯಾಂಡಿನಿಂದ ಬರುವಾಗ ಆನೆಯ ಕತೆ ಹೇಳಿದ್ದೆ.

"ಆನೆ ಹಾಗೆ. ಕಿವಿ ನೀರಲ್ಲಿ, ಮೂಗು ಮೇಲೆ."

ಅವಳು ಮಲಗಿದಳು. ಬೆನ್ನ ಕೆಳಗೆ ನನ್ನ ಅಂಗೈ. ಅವಳ ಎದೆ ಗುಬ್ಬಿಯದರಂತೆ ಹೊಡೆದುಕೊಳ್ಳುತ್ತಿತ್ತು. ಇಲ್ಲವೆಂದುಕೊಂಡಿದ್ದ ಹೆದರಿಕೆ ಒಳಗೆಲ್ಲೋ ಇತ್ತು. ನನಗೇಕೋ ಸಮಾಧಾನವಾಯಿತು. ಫ್ರಾಕಿನ ಗಾಳಿ ಎಲ್ಲ ಹೊರಟುಹೋಗುವವರೆಗೆ ಕಾದೆ. ಆಮೇಲೆ ಲತಾರನ್ನು ನೋಡಿದೆ. ಅವರು ಒಂದು ಕ್ಷಣ ಬಿಟ್ಟು ಫ್ರಾಕಿನ ತುದಿ ಬಿಟ್ಟರು. ನಾನು ಅಂಗೈಯನ್ನು ಎರಡು ಬೆರಳಿನಷ್ಟು ಕೆಳಗೆ ಸರಿಸಿದೆ.

ಒಂದು, ಎರಡು, ಮೂರು, ನಾಲ್ಕು, ಐದು. ಮತ್ತೆ ಅಂಗೈ ಕೊಟ್ಟೆ.

"ತೇಲ್ದೆ" ಎಂದಳು ಪೂರ್ವಿ, ಆಕಾಶಕ್ಕೆ ವರದಿ ಕೊಡುವ ಹಾಗೆ.

ನಾನು ದಡದ ಕಡೆ ತಿರುಗಿದೆ. ನೋಡಿದರೆ ಲತಾ ಎದ್ದು ಚಪ್ಪಲಿ ಬಿಡುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಎತ್ತಿ ಕಟ್ಟಿ, ಕಂಬಿ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟರು.

"ಲತಾ, ನೀವು..."

"ಇವಳು ಬಿದ್ರೆ ಹಿಂದೆ ಹಾರೋದು ಯಾರು ಮೇಡಂ? ನೀವು ಬಸ್ಸಲ್ಲಿರ್ತೀರ. ಸೆಲ್ವಿ ಅಕ್ಕ ದಿನಾ ಬಟ್ಟೆ ಒಗೀತಾರಾ?" ಎರಡನೆಯ ಮೆಟ್ಟಿಲಿನಲ್ಲಿ ಅವರು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದರು. "ನನಗೂ ಹೇಳ್ಕೊಡಿ. ನಿಮಗೆ ಬಂದಷ್ಟು ಸಾಕು."

ಪೂರ್ವಿ ನನ್ನ ಕೈಮೇಲಿಂದ ತಲೆ ಹೊರಳಿಸಿ ಅಮ್ಮನನ್ನು ನೋಡಿದಳು. ಸೀರೆ ಗಾಳಿ ತುಂಬಿಕೊಂಡು ಲತಾ ಸುತ್ತ ಅರಳುತ್ತಿತ್ತು.

"ಅಮ್ಮ, ಸೀರೆ ಈಗ ತೇಲತ್ತೆ, ಅದನ್ನ ನಂಬಬೇಡ" ಎಂದಳು. "ನೀನು ಮೊದಲು ಮುಳುಗ್ತೀಯ. ಆಮೇಲೆ ಬರ್ತೀಯ. ಮಿಸ್ ಪಕ್ಕದಲ್ಲೇ ಇರ್ತಾರೆ."

ಒಂದು ಕೈ ಪೂರ್ವಿಯ ಬೆನ್ನ ಕೆಳಗಿತ್ತು. ಇನ್ನೊಂದನ್ನು ಲತಾರತ್ತ ಚಾಚಿದೆ. ಹಿಂದೆ ಕಾವಲಿನವಳು ಚಪ್ಪಲಿ ಬಿಟ್ಟು ನೀರಿಗಿಳಿದ ಸದ್ದು ಕೇಳಿಸಿತು.